ಎಂಟು ಬೆರಳು

ನಾವು ಮಕ್ಕಳೆಲ್ಲ ಎಣಿಸಲು ಕಲಿತದ್ದು ಅಪ್ಪನ ಕಾಲಿನ ಮೇಲೆ.
ಶನಿವಾರ ಸಂಜೆ ಸೌನಾದ ಬಿಸಿಗಲ್ಲಿಗೆ ನೀರೆರಚಿ
ಹಬೆಯೊಳಗೆ ಹಲಗೆಯ ಮೇಲೆ ಅವನು ಕಾಲು ಚಾಚಿದರೆ
ಎಡದಿಂದ ಶುರು: ಒಂದು, ಎರಡು, ಮೂರು...
ಬಲಕ್ಕೆ ದಾಟಿ ಆರು, ಏಳು, ಎಂಟು.
ಅಲ್ಲಿಗೆ ಅಪ್ಪ ಮುಗಿಯುತ್ತಿದ್ದ.
ಶಾಲೆಯ ಮೊದಲ ದಿನ ತಂಗಿ ಐಲಾ
ಎಂಟಕ್ಕೇ ನಿಂತಳು. "ಆಮೇಲೆ?" ಎಂದರು ಟೀಚರ್.
"ಆಮೇಲೆ ಕೊರಿಯಾ" ಅಂದಳಂತೆ.

ಮಿಕ್ಕೆರಡು ಬೆರಳು ಅಲ್ಲೇ, ಯಾವುದೋ ಗುಡ್ಡದ ಬುಡದಲ್ಲಿ,
ಐವತ್ತನೆಯ ಇಸವಿಯ ಡಿಸೆಂಬರಿನಲ್ಲಿ.
ಗುಂಡು ತಾಗಿದ್ದಲ್ಲ. ಒದ್ದೆ ಕಾಲುಚೀಲ.
ಬದುಕಿಡೀ ಅವನು ಹೇಳಿದ್ದು ಇಷ್ಟೇ.
ಇನ್ನೂ ಕೇಳಿದರೆ ಎದ್ದು
ಒಲೆಗೆ ಮತ್ತೊಂದು ಬರ್ಚ್ ಕೊರಡು ಹಾಕುತ್ತಿದ್ದ.

ತಾಮ್ರದ ಗಣಿ ಮುಚ್ಚಿದ ಮೇಲೆ
ಕೌಂಟಿಯ ಹಿಮ ಬಾಚುವ ಲಾರಿ ಹತ್ತಿದ ಆರ್ವೋ ನಿಸ್ಕನೆನ್.
ಬೆಳಗಿನ ಜಾವ ಮೂರಕ್ಕೆ, ದೀಪ ಹಾಕದೆ,
ಬೂಟು ಕೈಯಲ್ಲಿ ಹಿಡಿದು, ಹೊರಗೆ ಮೆಟ್ಟಿಲ ಮೇಲೆ ಕೂತು ಕಟ್ಟಿಕೊಳ್ಳುತ್ತಿದ್ದ.
ನಮ್ಮ ಬೀದಿಗೆ ಮಾತ್ರ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದ,
ತನ್ನ ಬಾಗಿಲಿಗೆ ಮೊದಲು ಬಾಚಿಕೊಂಡ ಅನ್ನಬಾರದಲ್ಲ ಜನ.
"ಊರಿಗೆಲ್ಲ ದಾರಿ, ನಮಗೆ ಗೋಡೆ" ಎಂದು ಅಮ್ಮ
ಸಲಿಕೆ ಹಿಡಿದು ಗೊಣಗುತ್ತಿದ್ದಳು.

ಹೊರಡುವ ಮುನ್ನ ಒಂದು ಕೆಲಸವಿತ್ತು ಅವನಿಗೆ.
ಒಲೆಯ ಮೇಲಿನ ತಂತಿಗೆ ನೇತುಬಿದ್ದ ನಮ್ಮ ಕಾಲುಚೀಲಗಳನ್ನು
ಒಂದೊಂದಾಗಿ ಕೆನ್ನೆಗೊತ್ತಿ ನೋಡುವುದು.
ಕೈ ಜಡ್ಡುಗಟ್ಟಿತ್ತು, ಅದರ ಮಾತು ನಂಬುತ್ತಿರಲಿಲ್ಲ.
ಒಮ್ಮೆ, ನಿದ್ದೆಗಣ್ಣಲ್ಲಿ, ನಾನು ಇದನ್ನು ಕಂಡೆ.
ಯಾರಿಗೋ ಮುತ್ತು ಕೊಡುತ್ತಿದ್ದಾನೆ ಅಂದುಕೊಂಡೆ.

ಕೈ ಎತ್ತಿದ್ದು ಒಂದೇ ಸಲ.
ಅಣ್ಣ ರೈನೋ ಮಂಜುಗಡ್ಡೆ ಒಡೆದು ಸರೋವರಕ್ಕೆ ಬಿದ್ದು
ಮೊಣಕಾಲವರೆಗೆ ತೊಯ್ದು ಬಂದ ರಾತ್ರಿ.
ಹೊಡೆದ. ಚೆನ್ನಾಗಿಯೇ ಹೊಡೆದ.
ಆಮೇಲೆ ಆ ಎರಡೂ ಪಾದಗಳನ್ನು
ತನ್ನ ಅಂಗಿಯೊಳಗೆ, ಬರಿ ಹೊಟ್ಟೆಗೆ ಅವುಚಿಕೊಂಡು
ಬೆಳಕು ಹರಿಯುವವರೆಗೆ ಕೂತ.
ಅಣ್ಣನಿಗೀಗ ಅರವತ್ತೆರಡು.
ಎರಡನ್ನೂ ಮರೆತಿಲ್ಲ ಎನ್ನುತ್ತಾನೆ.

ಪ್ರೀತಿ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದವಳಲ್ಲ.
ಅಮ್ಮನ ಹೆಸರು ಲೆಂಪಿ. ಅಜ್ಜಂದಿರ ಫಿನ್ನಿಷ್ ನುಡಿಯಲ್ಲಿ
ಆ ಹೆಸರಿಗೆ ಅದೇ ಅರ್ಥ.
ಕರೆದಾಗಲೆಲ್ಲ ಹೇಳಿದಂತೆಯೇ ಆಯಿತಲ್ಲ, ಇನ್ನೇನು,
ಎಂದು ಬಗೆದಿದ್ದನೋ ಏನೋ.

ನಾನು ಅರಿಜೋನಾದ ಮರುಭೂಮಿಯಲ್ಲಿ ಹಸಿ ಬಾಣಂತಿ.
ಕಿಟಕಿಯಾಚೆ ನೂರಹತ್ತು ಡಿಗ್ರಿ ಬಿಸಿಲು.
ಫೋನಿನಲ್ಲಿ ಬಹಳ ಹೊತ್ತು ಅವನ ಉಸಿರಷ್ಟೇ.
ಆಮೇಲೆ, ಗಂಟಲು ಸರಿಮಾಡಿಕೊಂಡು:
"ಕಾಲುಚೀಲ ಒಣಗಿದೆಯಾ?"
ಹೊಲಿಗೆ ನೋಯುವಷ್ಟು ನಕ್ಕೆ.

ನಿನ್ನೆ ಮಣ್ಣು ಮಾಡಿದೆವು.
ಫೆಬ್ರವರಿಯಲ್ಲಿ ಹೋದವನು, ನೆಲ ಕರಗಲೆಂದು
ಏಪ್ರಿಲ್ ಕೊನೆಯವರೆಗೆ ಕಾದ,
ಸಾಲಿನಲ್ಲಿ ನಿಂತು ರೂಢಿಯಿದ್ದವನ ಹಾಗೆ.
ಸ್ಮಶಾನದ ತುಂಬ ಅರೆ ಹಿಮ, ಅರೆ ಕೆಸರು.
ಇಬ್ಬರು ಎಳೆಯ ಸೈನಿಕರು ಬಾವುಟವನ್ನು ಮಡಿಸಿ ಮಡಿಸಿ
ಮುಕ್ಕೋನ ಮಾಡಿದರು.
ಅವರಲ್ಲಿ ಚಿಕ್ಕವನು ಅಮ್ಮನ ಮುಂದೆ ಮಂಡಿಯೂರಿ,
ಹೊಳೆಯುವ ಬೂಟು ಕೆಸರಲ್ಲಿ ಹೂತಿರಲು,
ದೇಶದ ಪರವಾಗಿ ಕಲಿತ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ.

ಅಮ್ಮ ಪೂರ್ತಿ ಕೇಳಿಸಿಕೊಂಡಳು.
ಬಾವುಟವನ್ನು ಮಡಿಲಲ್ಲಿಟ್ಟುಕೊಂಡಳು. ಬಾಗಿ ಕೇಳಿದಳು:
"ಮಗು, ನಿನ್ನ ಕಾಲುಚೀಲ ಒಣಗಿದೆಯಾ?"

ಹುಡುಗ ತನ್ನ ಜೊತೆಯವನತ್ತ ನೋಡಿದ.
ಇದಕ್ಕೆ ಉತ್ತರ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.
"ಇಲ್ಲಮ್ಮ" ಎಂದ, ಮೆಲ್ಲಗೆ.

ರೈನೋ ಆಗಲೇ ಅಪ್ಪನ ಹಳೆಯ ಫೋರ್ಡ್‌ನತ್ತ ನಡೆದಿದ್ದ.
ಸೀಟಿನ ಕೆಳಗೆ, ಕಾಫಿ ಡಬ್ಬಿಯಲ್ಲಿ, ಯಾವತ್ತೂ ಒಂದು ಜೊತೆ ಇರುತ್ತದೆ.
ಬೂದು ಉಣ್ಣೆಯದು, ಅಮ್ಮ ಹೆಣೆದದ್ದು,
ಬಲಗಾಲಿನದು
ತುದಿಯಲ್ಲಿ ಕೊಂಚ ಗಿಡ್ಡ.