ಎರಡು ಸುತ್ತು

ಟಿಕೆಟ್ಟು ಇಪ್ಪತ್ತು ರೂಪಾಯಿ, ಎರಡು ಸುತ್ತು.
ತಗಡಿನ ಗೂಡಿನೊಳಗೆ ನಾನು, ಒಂದು ಫ್ಯಾನು, ಚಿಲ್ಲರೆ ಡಬ್ಬಿ.
ಹೊರಗೆ ವಾಡಿಯ ಬಿಸಿಲು,
ಹಳೇ ಬೋಗಿಗಳ ಬೆನ್ನ ಮೇಲೆ ರೊಟ್ಟಿ ಸುಡುವಂಥದು.

ಸಾಬವ್ವ ಬಂದಳು, ಮೊಮ್ಮಗನ ಬೆರಳು ಹಿಡಿದು.
ಬಂದವರೆಲ್ಲ ಎಂಜಿನ್ನಿನ ಹಣೆ ನೋಡುತ್ತಾರೆ,
ಹಿತ್ತಾಳೆ ನಂಬರಿನ ಮುಂದೆ ಫೋಟೊ ತೆಗೆಸುತ್ತಾರೆ.
ಈಕೆ ಹಳಿಯ ಪಕ್ಕದ ಖಡಿಯನ್ನೇ ನೋಡುತ್ತ ನಡೆದಳು.

"ಏನು ಕಳಕೊಂಡಿ, ಆಯಿ?"
"ಕಳಕೊಂಡಿಲ್ಲಪ್ಪ, ಹುಡುಕಲತ್ತೀನಿ. ರೂಢಿ.
ಒಂಬತ್ತು ವರ್ಷದಾಕಿ ಇದ್ದೆ.
ನೀರಿನ ಕಂಬದ ಬಲ್ಲಿ ಬುಟ್ಟಿ ಹಿಡಕೊಂಡು ನಿಂದರ್ತಿದ್ದೆವು.
ಲಾಡ್ಲೆಸಾಬ ಅಂತ ಇದ್ದ, ಬೆಂಕಿಗೆ ಹಾಕಾವ.
ಸಲಿಕೆ ಜಾರಿದಂಗ ಮಾಡಿ ಎರಡು ಗಟ್ಟಿ ಕೆಡವತಿದ್ದ,
'ಅಯ್ಯಯ್ಯೋ, ಬಿತ್ತಲ್ಲೋ!' ಅಂತ ತಾನೇ ಒದರತಿದ್ದ.
ಪೊಲೀಸ ಬಂದರ ಓಡೋದು,
ಉಡಿಯಾಗ ಇನ್ನಾ ಬಿಸಿ ಇದ್ದ ಕಿಟ್ಟ.
ನಮ್ಮವ್ವನ ಒಲಿ ರೈಲಿನಂಗೇ ನಾರತಿತ್ತು."

ಗಾಡಿ ಹೊರಟಿತು.
ಒಳಗಿರುವುದು ಡೀಸೆಲ್ ಮೋಟರು.
ಸೀಟಿ ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಬರುತ್ತದೆ.
"ಇದಕ್ಕ ನೆಗಡಿ ಆಗ್ಯಾದೇನು?" ಎಂದು ನಕ್ಕಳು.
ಎರಡನೇ ಸುತ್ತಿಗೆ ಮೊಮ್ಮಗ ನಿದ್ದೆ ಹೋಗಿದ್ದ.

ಇಳಿದವಳು ಅವನನ್ನು ನಡೆಸಿಕೊಂಡೇ
ಕಟ್ಟೆಯ ಮೇಲಿನ ಎಂಜಿನ್ನಿಗೆ ಮೂರು ಮೆಟ್ಟಿಲು ಹತ್ತಿ
ಕಲ್ಲಿದ್ದಲ ತೊಟ್ಟಿಗೆ ಕೈ ಹಾಕಿದಳು.
'ಮುಟ್ಟಬಾರದು' ಎಂಬ ಫಲಕ ಕಣ್ಣೆದುರಿಗೇ ಇತ್ತು;
ಅಕ್ಷರಗಳು ಆಕೆಗೆ ಎಂದೂ ಅಡ್ಡ ಬಂದಿರಲಿಕ್ಕಿಲ್ಲ.
ಒಂದು ಗಟ್ಟಿ ಎತ್ತಿದಳು, ತೂಗಿದಳು,
ಉಗುರಿನಿಂದ ಕೆರೆದಳು.

ಕಪ್ಪಿನ ಕೆಳಗೆ ಬೂದಿ ಬಣ್ಣ.
ಶಹಾಬಾದ್ ಫರಸಿಯ ಚೂರು.

"ಇದ್ಯಾರಪ್ಪ ಮಾಡಿದ್ದು?"
ನಾನು ಹೇಳಲಿಲ್ಲ.
ಯುಗಾದಿಗೆ ಮುಂಚಿನ ವಾರ
ಗಣಿಯಿಂದ ಎರಡು ಪುಟ್ಟಿ ತಂದು
ಒಂದೊಂದನ್ನೂ ಪೇಂಟಿನಲ್ಲಿ ಅದ್ದಿ
ತಂತಿಬೇಲಿಯ ಕೆಳಗೆ ಒಣಗಿಸಿದವನು ನಾನೇ.
ಇಡೀ ವಾರ ಉಗುರು ಕಪ್ಪಾಗಿತ್ತು,
ಹೆಂಡತಿ ತುತ್ತು ಕಲೆಸಿ ಕೊಡುತ್ತಿದ್ದಳು.

"ಉರಿಯಾಂಗಿಲ್ಲ," ಅಂದಳು ಮೊಮ್ಮಗನಿಗೆ,
ಸಂತೆಯಲ್ಲಿ ಹುಳುಕು ಬದನೆಕಾಯಿ
ವಾಪಸಿಡುವ ದನಿಯಲ್ಲಿ.

ಆದರೆ ವಾಪಸಿಡಲಿಲ್ಲ.
ಅತ್ತ ಇತ್ತ ನೋಡಿ ಸೆರಗಿನೊಳಗೆ ಸೇರಿಸಿ
ಗೇಟಿನ ಕಡೆ ಬಿರಬಿರನೆ ನಡೆದಳು.
ಎಪ್ಪತ್ತರ ಮೊಣಕಾಲಿಗೆ ಅದು ಓಟವೇ.

ನಾನು ಕಿಂಡಿಯಿಂದ ಕತ್ತು ಹೊರಗೆ ಹಾಕಿ
ಇದ್ದಷ್ಟು ಗಂಟಲಿನಿಂದ ಒದರಿದೆ:
"ಅಯ್ಯಯ್ಯೋ, ಬಿತ್ತಲ್ಲೋ!"

ತಿರುಗಿ ನೋಡಿದ್ದು ಮೊಮ್ಮಗ ಮಾತ್ರ.
ಸಾಲಿನಲ್ಲಿದ್ದವರು ಐನೂರರ ನೋಟು ಚಾಚಿದರು.
ಚಿಲ್ಲರೆ ಇಲ್ಲ ಅಂದೆ.