ರಾತ್ರಿ ಪಾಳಿ

ಹನ್ನೊಂದರ ಮೇಲೆ ಬಂದವರು ಗಂಟೆ ಬಾರಿಸಬೇಕು.
ಗೋಡೆಯೊಳಗಿನ ಮರದ ಪೀಪಾಯಿ
ಕಿರುಗುಟ್ಟಿ ಅರ್ಧ ಸುತ್ತುತ್ತದೆ.
ಅದರ ಹೊಟ್ಟೆಯಲ್ಲಿ ಕೋಣೆಯ ಬೀಗದಕೈ,
ಎರಡು ಕಿತ್ತಳೆ, ವೈಫೈ ಗುಟ್ಟಿನ ಚೀಟಿ.
ತಿರುಗಿಸಿದವನ ಮುಖ ಕಾಣುವುದಿಲ್ಲ.

ಅಲೆಂತೆಜೊದ ಈ ಊರಲ್ಲಿ
ಮುನ್ನೂರು ವರ್ಷ ಸನ್ಯಾಸಿನಿಯರ ಮಠ;
ಈಗ ಮೂರು ಸ್ಟಾರು.
ಒಬ್ಬಳೇ ಮಲಗುತ್ತಿದ್ದಲ್ಲಿ ಜೋಡಿಮಂಚ ತುರುಕಿದ್ದಾರೆ,
ಹೊರಳಿದರೆ ಮೊಣಕೈಗೆ ಗೋಡೆ.
ಜಪದ ಗೂಡಿನಲ್ಲಿ ಫ್ರಿಜ್ಜು ಗೊಣಗುತ್ತದೆ.

ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ ಅವನೇ ಹೇಳಿದ,
ಝೆಫೆರೀನು ಎಶ್ಪೋಶ್ಟು:
“ಬಿಟ್ಟುಹೋದ ಮಕ್ಕಳಿಗೆ ಕೊಡುತ್ತಿದ್ದ ಅಡ್ಡಹೆಸರು ನನ್ನದು.
ಮುತ್ತಜ್ಜನ ಅಪ್ಪ ಬಂದದ್ದು
ಇದೇ ಪೀಪಾಯಿಯಲ್ಲಿ, ಒಂದು ಜನವರಿ.
ಕಾಲಿಗೆ ಕೆಂಪು ದಾರ, ಅರ್ಧ ಹರಿದ ಚೀಟಿ.
ಉಳಿದರ್ಧ ಯಾರೂ ತರಲಿಲ್ಲ.”
ಆಮೇಲೆ, ಮೊಟ್ಟೆ ಬೇಯಿಸಿದ್ದೋ ಹುರಿದದ್ದೋ
ಎಂದು ಕೇಳಿದ.

ಇವತ್ತು ಬೇಕೆಂದೇ ತಡಮಾಡಿದೆ.
ಚೌಕದ ಬೆಂಚಿನಲ್ಲಿ ಕೂತು, ಚಳಿ ಹತ್ತಿದ ಮೇಲೆ
ಗಂಟೆ ಬಾರಿಸಿದೆ.
ಬೀಗದಕೈ ತೆಗೆದುಕೊಂಡೆ.
ಪೀಪಾಯಿಯ ಅಂಚು ಸವೆದು ನುಣ್ಣಗಿದೆ,
ಒರಳಿನ ಬಾಯಿಯಂತೆ.
ಅದು ತಿರುಗಲಿಲ್ಲ.

“ಕೈ ತೆಗೆದಿರಾ?”
ಮರದಾಚೆಯಿಂದ ಕೇಳಿತು.

ಇನ್ನೂ ಇಲ್ಲ.