ವೆರಿಬಿ ಲೈನು

ಸೂಪರ್‌ಮಾರ್ಕೆಟ್ಟಿನ ಮೂರನೇ ಸಾಲಿನಲ್ಲಿ
ಒಂದು ಟ್ಯೂಬ್‌ಲೈಟು ಮಿಣಮಿಣ ಅಂದಿತು. ಅಷ್ಟೇ ಸಾಕಾಯಿತು.
ಮಯೂಖ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದ.
ಬ್ರೆಡ್ಡು, ಹಾಲು, ಬುಟ್ಟಿ ಅಲ್ಲೇ ಬಿಟ್ಟು
ಹನ್ನೊಂದು ವರ್ಷದ ಮೈಯನ್ನು
ಕಾರಿನವರೆಗೆ ಎಳೆದು ತಂದೆ.
ಬೆಲ್ಟು ಹಾಕುವಾಗ ಕಿರುಚಿಬಿಟ್ಟೆ:
'ಸಾಕು ಮಾಡೋ, ನನ್ ಕೈಲಾಗಲ್ಲ!'

ದಾರಿಯುದ್ದಕ್ಕೂ ಅವನದು ಎಂದಿನ ಪಾಠ:
ವೆರಿಬಿ, ಹಾಪರ್ಸ್ ಕ್ರಾಸಿಂಗ್, ವಿಲಿಯಮ್ಸ್ ಲ್ಯಾಂಡಿಂಗ್,
ಏರ್‌ಕ್ರಾಫ್ಟ್, ನನ್ ಕೈಲಾಗಲ್ಲ, ಲ್ಯಾವರ್ಟನ್.
ನನ್ನದೇ ದನಿ, ನನ್ನದೇ ಬಿರುಸು.
ರೈಲು ಅಲ್ಲೂ ಒಂದು ನಿಮಿಷ ನಿಂತು ಹೊರಟಿತು.

ಅವನು ಮಲಗಿದ ಮೇಲೆ
ಬಟ್ಟೆ ಒಗೆಯುವ ಕೋಣೆಯಲ್ಲಿ, ದೀಪ ಹಾಕದೆ,
ಮೆಷಿನ್ನಿಗೆ ಹಣೆಯಿಟ್ಟು ನಿಂತೆ.
ಮುಂಗೈ ಮೇಲೆ ಅವನ ಹಲ್ಲಿನ ಗುರುತು ಊದಿತ್ತು.
ಅವನಿಗೆ ಪೆಟ್ಟಾದಾಗ ನಾನು ಹೇಳುವ ಮಾತೊಂದಿದೆ.
ನನಗೇ ಹೇಳಿಕೊಳ್ಳಲು ನಾಚಿಕೆ.
ಕೊನೆಗೆ ಅವನ ಹಾಗೆಯೇ, ನಂಬಿಕೆ ಬರುವ ಮೊದಲೇ,
ರಾಗ ತಪ್ಪದಂತೆ ನಕಲು ಮಾಡಿದೆ:
'ಆಯ್ತು ಕಂದಾ, ಆಯ್ತು. ನೋಯ್ತಾ? ಎಲ್ಲಿ, ತೋರಿಸು.'

ತೋರಿಸಿದೆ.

ಮೆಷಿನ್ನು ತಿರುಗುತ್ತಲೇ ಇತ್ತು,
ಇನ್ನೂ ಹದಿನಾಲ್ಕು ನಿಮಿಷ.